ಯಾವ ಬಾಗಿಲಿಂದ ಬಂತು, ಯಾವ ಬಾಗಿಲಿಂದ ಹೋಯಿತು

ಎಂಬಿಬಿಎಸ್ ಎರಡನೇ ವರ್ಷ. ರೋಗಕ್ರಿಮಿಗಳ ಬಗ್ಗೆ ಕಲಿಸುವ ಮೈಕ್ರೋಬಯಾಲಜಿಯ ಇಂಟರ್ನಲ್ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೇಡಂ ಕೇಳಿದರು, "ಲಿವರ್‌ನಲ್ಲಿ ಹೈಡ್ಯಾಟಿಡ್ ಸಿಸ್ಟ್ ಇದೆ ಅಂತ ಅನುಮಾನ. ಲ್ಯಾಬಿಗೆ ಏನು ಕಳಿಸ್ತೀ?"

"ಸ್ಟೂಲ್ ಮೇಡಂ. ಮೊಟ್ಟೆ ನೋಡೋಕೆ."

ಹೈಡ್ಯಾಟಿಡ್ ಸಿಸ್ಟ್ ಅಂದರೆ ಒಂದು ಹುಳದಿಂದ ಅಂಗದೊಳಗೆ ಆಗುವ ನೀರಿನ ಗುಳ್ಳೆ; ಸ್ಟೂಲ್ ಅಂದರೆ ಮಲ. ಮೇಡಂ ಬೈಯಲಿಲ್ಲ. "ಆ ಹುಳ ಮನುಷ್ಯನ ಕರುಳಲ್ಲಿ ಇರುತ್ತಾ? ಯೋಚನೆ ಮಾಡು" ಅಂತ ಹೇಳಿ ಮುಂದಿನವರನ್ನು ಕರೆದರು.

ಪರೀಕ್ಷೆಗೆ ಇನ್ನು 45 ದಿನ ಇತ್ತು. ತಲಾ 100 ಅಂಕದ ಎರಡು ಪೇಪರ್, ಮೇಲೆ ಪ್ರಾಕ್ಟಿಕಲ್. ಪೆಥಾಲಜಿ, ಫಾರ್ಮಕಾಲಜಿ ಬೇರೆ. ನಾನು ಓದದೆ ಕೂತವಳಲ್ಲ. ಪುಸ್ತಕ ಎರಡು ಸಲ ಮುಗಿಸಿದ್ದೆ, ಮೂರು ಬಣ್ಣದಲ್ಲಿ ಗೆರೆ ಎಳೆದಿದ್ದೆ. ಆದರೂ ಒಂದು ಹುಳದ ಹೆಸರು ಕೇಳಿದರೆ ಇನ್ನೊಂದರ ಉತ್ತರ ಬಾಯಿಗೆ ಬರುತ್ತಿತ್ತು.

ಮರುದಿನ ಡಿಪಾರ್ಟ್‌ಮೆಂಟಿನ ಮ್ಯೂಸಿಯಂಗೆ ಹೋದೆ. ಗಾಜಿನ ಜಾರಿನಲ್ಲಿ ಹೈಡ್ಯಾಟಿಡ್ ಸಿಸ್ಟ್ ಇತ್ತು. ಮೊಟ್ಟೆಯ ಬಿಳಿಯಂಥ ದಪ್ಪ ಪೊರೆ, ಒಳಗೆ ದ್ರಾಕ್ಷಿಯಂಥ ಸಣ್ಣ ಗುಳ್ಳೆಗಳು. ಇದನ್ನು ನಾನು ಮೊದಲೇ ಎಲ್ಲೋ ನೋಡಿದ್ದೇನೆ ಅನ್ನಿಸಿತು.

ನಮ್ಮೂರು ಗದಗ ಜಿಲ್ಲೆಯ ಶಿರಹಟ್ಟಿ ಕಡೆ. ಮಾಮಾ ಕುರಿ ಸಾಕುತ್ತಾರೆ. ನಾನು ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಇದ್ದಾಗ ಜಾತ್ರೆಗೆ ಕುರಿ ಕೊಯ್ದಿದ್ದರು. ಲಿವರ್ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ, ಒತ್ತಿದರೆ ಒಳಗೆ ನೀರು ಅಲುಗಾಡುತ್ತಿತ್ತು. "ಇದಕ್ಕ ನೀರಗುಳ್ಳಿ ಬಂದೈತಿ, ತಿನ್ನಾಕ ಬರಂಗಿಲ್ಲ" ಅಂತ ಮಾಮಾ ಅಷ್ಟು ಭಾಗ ಕತ್ತರಿಸಿ ಕುರಿ ಕಾಯುವ ನಾಯಿಗೆ ಎಸೆದರು. ನಾಯಿ ಒಂದೇ ಗುಕ್ಕಿಗೆ ನುಂಗಿತು.

ಜಾರಿನ ಮುಂದೆ ನಿಂತಾಗ ಪುಸ್ತಕದ ಲೈಫ್ ಸೈಕಲ್ ನಮ್ಮ ಹಿತ್ತಲಲ್ಲೇ ತಿರುಗಿತು. ಗುಳ್ಳೆ ತಿಂದ ನಾಯಿಯ ಕರುಳಲ್ಲಿ ಹುಳ ಬೆಳೆಯುತ್ತದೆ. ಪೂರ್ತಿ ಬೆಳೆದರೂ ಅದು ಅಕ್ಕಿಕಾಳಿಗಿಂತ ದೊಡ್ಡದಲ್ಲ. ನಾಯಿಯ ಮಲದಲ್ಲಿ ಮೊಟ್ಟೆ ಹೊರಗೆ ಬೀಳುತ್ತದೆ. ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ ಹೋಗುತ್ತದೆ, ಕುರಿಯ ಲಿವರ್‌ನಲ್ಲಿ ಮತ್ತೆ ಗುಳ್ಳೆ. ನಾಯಿಯ ಮೈ ಸವರಿ ಕೈ ತೊಳೆಯದೆ ಊಟಕ್ಕೆ ಕೂತರೆ ಅದೇ ಮೊಟ್ಟೆ ನಮ್ಮ ಹೊಟ್ಟೆಗೆ. ಆಮೇಲೆ? ಮನುಷ್ಯನ ಲಿವರನ್ನು ಯಾವ ನಾಯಿಯೂ ತಿನ್ನುವುದಿಲ್ಲ. ಹುಳದ ದಾರಿ ಅಲ್ಲಿಗೇ ಮುಚ್ಚಿತು. ನಮ್ಮ ಕರುಳಲ್ಲಿ ಬೆಳೆದ ಹುಳವೇ ಇಲ್ಲ ಅಂದ ಮೇಲೆ ಮಲದಲ್ಲಿ ಮೊಟ್ಟೆ ಎಲ್ಲಿಂದ ಸಿಗಬೇಕು? ಸ್ಕ್ಯಾನ್ ಮಾಡಬೇಕು, ರಕ್ತದಲ್ಲಿ ಆಂಟಿಬಾಡಿ ನೋಡಬೇಕು. ಮೇಡಂ ಕೇಳಿದ್ದು ಇಷ್ಟೇ.

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಹಳೇ ನೋಟ್ಸ್ ಎಲ್ಲ ಪಕ್ಕಕ್ಕಿಟ್ಟೆ. ಒಂದು ಕ್ರಿಮಿಗೆ ಒಂದು ಹಾಳೆ. ಹಾಳೆಗೆ ಮೂರೇ ಪ್ರಶ್ನೆ, ಅದೂ ಕನ್ನಡದಲ್ಲಿ: ಯಾವ ಬಾಗಿಲಿಂದ ಬಂತು? ಎಲ್ಲಿ ಕೂತಿತು? ಯಾವ ಬಾಗಿಲಿಂದ ಹೋಯಿತು? ಮೊದಲನೆಯದರಲ್ಲಿ ರೋಗ ಹರಡುವ ಬಗೆ ಮತ್ತು ತಡೆಯುವ ದಾರಿ ಬಂದುಬಿಡುತ್ತದೆ. ಎರಡನೆಯದರಲ್ಲಿ ಲಕ್ಷಣ. ಮೂರನೆಯದರಲ್ಲಿ ಯಾವ ಸ್ಯಾಂಪಲ್, ಯಾವಾಗ ತೆಗೆಯಬೇಕು ಅನ್ನುವುದು.

ಟೈಫಾಯ್ಡ್‌ಗೆ ಯಾವ ವಾರ ಯಾವ ಪರೀಕ್ಷೆ ಅನ್ನುವುದನ್ನು ಎಲ್ಲರೂ 'ಬಸು' (ಇಂಗ್ಲಿಷಿನ B, A, S, U) ಅಂತ ಬಾಯಿಪಾಠ ಮಾಡುತ್ತಾರೆ. ಮೊದಲ ವಾರ ಬ್ಲಡ್ ಕಲ್ಚರ್ (ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು), ಎರಡನೇ ವಾರ ಆಂಟಿಬಾಡಿ ಅಂದರೆ ವಿಡಾಲ್ ಟೆಸ್ಟ್, ಮೂರನೇ ವಾರ ಸ್ಟೂಲ್, ನಾಲ್ಕನೇ ವಾರ ಯೂರಿನ್. ನಮ್ಮ ಕಡೆ ಮನೆಗೊಬ್ಬ ಬಸು ಇರುತ್ತಾನೆ, ಹೆಸರು ಮರೆಯೋದೇ ಇಲ್ಲ. ಆದರೆ ಇದೇ ಕ್ರಮ ಯಾಕೆ ಅನ್ನುವುದು ಹಾಳೆ ಬರೆದ ಮೇಲೆ ಹೊಳೆಯಿತು. ಬ್ಯಾಕ್ಟೀರಿಯಾ ಬಾಯಿಂದ ಕರುಳಿಗೆ ಇಳಿದು ರಕ್ತಕ್ಕೆ ನುಗ್ಗುತ್ತದೆ. ಅಲ್ಲಿಂದ ಪಿತ್ತಕೋಶ ಸೇರಿ, ಪಿತ್ತದ ಜೊತೆ ಮತ್ತೆ ಕರುಳಿಗೆ ಇಳಿಯುತ್ತದೆ. ಬಸು ಅದರ ಹಿಂದೆ ಹಿಂದೆ ನಡೆದಿದ್ದಾನೆ ಅಷ್ಟೇ.

ಮಕ್ಕಳ ಗುದದ್ವಾರದಲ್ಲಿ ರಾತ್ರಿ ತುರಿಕೆ ತರುವ ಸಣ್ಣ ಬಿಳಿ ಹುಳ, ಎಂಟೆರೋಬಿಯಸ್, ಹೊರಬಂದು ಚರ್ಮದ ಮೇಲೆ ಮೊಟ್ಟೆ ಇಡುತ್ತದೆ. ಹಾಗಾಗಿ ಮಲ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಗಲ್ಲ. ಬೆಳಿಗ್ಗೆ ಸ್ನಾನಕ್ಕೆ ಮೊದಲು ಸೆಲ್ಲೋಟೇಪ್ ಅಂಟಿಸಿ ತೆಗೆದು ನೋಡಬೇಕು. ಲಾಡಿಹುಳದಲ್ಲಿ ಜಾಸ್ತಿ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಹಂದಿ ಮಾಂಸದೊಳಗಿನ ಗುಳ್ಳೆ ತಿಂದರೆ ಕರುಳಲ್ಲಿ ಲಾಡಿಹುಳ. ಅದರ ಮೊಟ್ಟೆ ನುಂಗಿದರೆ ಮಿದುಳಲ್ಲಿ ಗುಳ್ಳೆ, ಫಿಟ್ಸ್. ಬಾಗಿಲು ಒಂದೇ, ಬಾಯಿ. ಒಳಗೆ ಹೋದದ್ದು ಬೇರೆ. ಅದಕ್ಕೇ ಮಾಂಸವನ್ನೇ ಮುಟ್ಟದವರಿಗೂ ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದ ಈ ಮಿದುಳಿನ ಕಾಯಿಲೆ ಬರಬಹುದು.

ನಡುವೆ ಎರಡು ದಿನ ಊರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಹಾಳೆ ಹರಡಿಕೊಂಡು ಕೂತಿದ್ದೆ. "ಏನ್ ಬರಿಯಾಕತ್ತೀಯವ್ವಾ?" ಅಂದಳು ಅಜ್ಜಿ. ನೀರಿನಿಂದ ಬರೋ ಉದ್ದನೆ ಹುಳ, ಕಾಲಿಂದ ಹೊರಗೆ ಬರುತ್ತದೆ ಅಂತ ಗಿನಿ ವರ್ಮ್ ಬಗ್ಗೆ ಹೇಳಿದೆ.

"ನಾರುಹುಣ್ಣಾ? ನಮ್ಮಪ್ಪಗ ಆಗಿತ್ತಲ್ಲ!"

ಅಜ್ಜಿಯ ತವರು ರಾಯಚೂರು ಕಡೆ. ಮೆಟ್ಟಿಲಿಳಿದು ಕೊಡ ತುಂಬುವ ಬಾವಿ. ಕಾಲಿನ ಗುಳ್ಳೆ ಒಡೆದು ಬಿಳಿ ದಾರದಂಥದ್ದು ತಲೆ ಹಾಕುತ್ತಿತ್ತಂತೆ. ಅದನ್ನು ಸಣ್ಣ ಕಡ್ಡಿಗೆ ದಿನಾ ಸ್ವಲ್ಪ ಸ್ವಲ್ಪ ಸುತ್ತುತ್ತಿದ್ದರಂತೆ. "ಜಗ್ಗಿದ್ರ ಹರಿತಿತ್ತು. ಹರದ್ರ ಕಾಲು ಬಾತು ಮಂದಿ ಹಾಸಿಗಿ ಹಿಡೀತಿದ್ರು" ಅಂದಳು, ಎರಡು ಬೆರಳಲ್ಲಿ ಕಡ್ಡಿ ತಿರುಗಿಸಿ ತೋರಿಸುತ್ತಾ. ಆ ಬೆರಳು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ನೋಯುವ ಕಾಲನ್ನು ನೀರಿಗಿಟ್ಟಾಗ ಹುಳ ಮರಿ ಬಿಡುತ್ತದೆ, ಸೈಕ್ಲಾಪ್ಸ್ ಅನ್ನುವ ನೀರಿನ ಸಣ್ಣ ಜೀವಿ ಮರಿಯನ್ನು ನುಂಗುತ್ತದೆ, ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷಕ್ಕೆ ಹುಣ್ಣು. ಬಟ್ಟೆಯಲ್ಲಿ ಸೋಸಿ ಕುಡಿದಿದ್ದರೆ ಸಾಕಿತ್ತು ಅಂದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಭಾರತದ ಕೊನೆಯ ಕೇಸ್ 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶ ಈ ರೋಗದಿಂದ ಮುಕ್ತ ಅಂತ ಹೇಳಿತು. ಈ ಎರಡು ಇಸವಿಗಳನ್ನು ನಾನು ಬಾಯಿಪಾಠ ಮಾಡಲೇ ಇಲ್ಲ.

ಹುಬ್ಬಳ್ಳಿಗೆ ವಾಪಸ್ ಬಂದ ಮೇಲೆ ಸಂಜೆ ಉಣಕಲ್ ಕೆರೆ ದಂಡೆ ಮೇಲೆ ರೂಮ್‌ಮೇಟ್ ಜೊತೆ ನಡೆಯುತ್ತಿದ್ದೆ. ಬ್ಯಾಡಗಿಯ ಹುಡುಗಿ. ಅವಳು ಹೆಸರು ಹೇಳುವುದು, ನಾನು ಬಾಗಿಲು ಹೇಳುವುದು. ತಡವರಿಸಿದ ಹಾಳೆ ರಾತ್ರಿ ಮತ್ತೆ ಬರೆಯುವುದು. ಕೊಕ್ಕೆಹುಳ ಬಂದಾಗ ಅವಳೇ ಹೇಳಿದಳು, "ನಮ್ಮ ಹೊಲದಾಗ ಬರಿಗಾಲಲ್ಲೇ ಕಳೆ ತೆಗಿತೀವಿ." ಬಾಗಿಲು ಪಾದದ ಚರ್ಮ. ಅಲ್ಲಿಂದ ರಕ್ತ, ಶ್ವಾಸಕೋಶ, ಗಂಟಲು, ಕೊನೆಗೆ ಸಣ್ಣ ಕರುಳು. ರಕ್ತ ಹೀರುವುದರಿಂದ ರಕ್ತಹೀನತೆ.

ದೇಹದ ರೋಗನಿರೋಧಕ ಶಕ್ತಿಯ ಪಾಠ ಇಮ್ಯುನಾಲಜಿಗೆ ಈ ಉಪಾಯ ನಡೆಯಲಿಲ್ಲ. ಅದನ್ನು ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಬರೆದು ಬರೆದೇ ಕಲಿತೆ.

ಪ್ರಾಕ್ಟಿಕಲ್‌ಗೆ ಮಾತ್ರ ಕೈ ಪಳಗಲೇಬೇಕು, ಓದಿದರೆ ಸಾಲದು. ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ನೇರಳೆಯವು, ಗುಲಾಬಿಯವು ಅಂತ ಗುರುತಿಸುವ ಗ್ರಾಂ ಸ್ಟೇನ್‌ನಲ್ಲಿ ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ. ಇವು ಆಚೀಚೆ ಆದರೂ ನಡೆಯುತ್ತದೆ. ಕೆಡುವುದು ಬಣ್ಣ ತೆಗೆಯಲು ಅಸಿಟೋನ್ ಹಾಕುವಾಗ. ಎರಡು ಮೂರು ಸೆಕೆಂಡಿನ ಕೆಲಸ. ಸ್ಲೈಡ್ ಓರೆ ಹಿಡಿದು ಹನಿ ಹಾಕಿ, ಇಳಿಯುವ ನೇರಳೆ ನೀರು ತಿಳಿಯಾದ ಕೂಡಲೇ ನಲ್ಲಿ ನೀರಿಗೆ ಹಿಡಿಯಬೇಕು. ನಾನು ತಡ ಮಾಡಿದಾಗಲೆಲ್ಲ ನೇರಳೆ ಆಗಿ ಉಳಿಯಬೇಕಾದ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಗುಲಾಬಿ ಆಗುತ್ತಿತ್ತು. ಸ್ಮಿಯರ್, ಅಂದರೆ ಸ್ಲೈಡ್ ಮೇಲೆ ಸವರಿದ ಸ್ಯಾಂಪಲ್, ದಪ್ಪ ಆದರೆ ಇದರ ಉಲ್ಟಾ. ದಿನಕ್ಕೊಂದು ಸ್ಲೈಡ್‌ನಂತೆ ಇಪ್ಪತ್ತು ಮಾಡಿದ ಮೇಲೆ ಗಡಿಯಾರ ನೋಡುವುದು ಬಿಟ್ಟೆ.

ಕೊನೆಯ ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಒಂದು ಜಾರ್ ಮುಂದಿಟ್ಟರು. ಹೈಡ್ಯಾಟಿಡ್ ಅಲ್ಲ, ಜಂತುಹುಳ. ಹೈಡ್ಯಾಟಿಡ್ ಪರೀಕ್ಷೆಯಲ್ಲಿ ಎಲ್ಲೂ ಬರಲೇ ಇಲ್ಲ.

ರಿಸಲ್ಟ್ ಬಂದ ದಿನ ಮಾಮಾಗೆ ಫೋನ್ ಮಾಡಿದೆ. ಪಾಸಾದ ಸುದ್ದಿ ಹೇಳಿ, ನೀರಗುಳ್ಳೆ ಬಂದ ಲಿವರ್ ನಾಯಿಗೆ ಹಾಕಬ್ಯಾಡ್ರಿ, ಆಳವಾಗಿ ಹೂಳ್ರಿ, ನಾಯಿಗೂ ದನದ ಡಾಕ್ಟರ್ ಹತ್ರ ಹುಳದ ಔಷಧಿ ಹಾಕಿಸ್ರಿ ಅಂದೆ. ಮಾಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹಂಗಾರ ಇಷ್ಟು ವರ್ಷ ನಮ್ಮ ಕುರಿಗೆ ನಾವ ತಂದು ಹಾಕೇವೇನು?" ಅಂದರು. ಆಮೇಲೆ, "ಬರೂ ಐತಾರ ಊರಿಗೆ ಬಾ. ಇದನ್ನ ಎಲ್ಲಾ ಕುರಿಯವರ ಮುಂದೂ ಹೇಳು."