12 ವೋಲ್ಟಿನ ಜಾಗಕ್ಕೆ ಯಾವ ಡಯೋಡ್? ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದು ಸಣ್ಣ ರಿಪೇರಿ ಅಂಗಡಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಶುರುವಾದರೆ ಕಂಪ್ಯೂಟರ್ ಪವರ್ ಸಪ್ಲೈಗಳು ಸಾಲಾಗಿ ಬರುತ್ತವೆ. ಹೆಚ್ಚಿನವುಗಳಲ್ಲಿ ಫ್ಯೂಸ್ ಜೊತೆಗೆ ಬ್ರಿಡ್ಜ್, ಅಂದರೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡುಗಳ ಜೋಡಣೆ, ಕೂಡ ಹೋಗಿರುತ್ತದೆ. ಬ್ರಿಡ್ಜ್ ಆರಿಸುವುದು ಸುಲಭ. 230 ವೋಲ್ಟ್ ಎಸಿಯ ತುದಿ 325 ವೋಲ್ಟ್ ಮುಟ್ಟುತ್ತದೆ. 600 ವೋಲ್ಟಿನ ಬ್ರಿಡ್ಜ್ ನಡೆಯುತ್ತದೆ, ಆದರೆ ನಾನು 1000 ವೋಲ್ಟಿನದೇ ಹಾಕುತ್ತೇನೆ. ನಮ್ಮ ಕಡೆಯ ಸಿಡಿಲಿಗೆ ಅಷ್ಟು ಇರಲಿ.

ನಾನು ಎಡವಿದ್ದು ಔಟ್‌ಪುಟ್ ಬದಿಯಲ್ಲಿ. ಒಬ್ಬರು ಮಾಷ್ಟ್ರು ಮಗಳ ಕಂಪ್ಯೂಟರ್ ತಂದಿದ್ದರು. "ಫ್ಯಾನ್ ಒಮ್ಮೆ ತಿರುಗಿ ನಿಲ್ಲುತ್ತದೆ, ನೋಡು ಮಾರಾಯ" ಅಂದರು. ಮೊದಲು ದೊಡ್ಡ ಕೆಪಾಸಿಟರುಗಳ ಚಾರ್ಜ್ ಇಳಿಸಿದೆ. ಆಮೇಲೆ 12 ವೋಲ್ಟ್ ಸಾಲಿನ ಡಯೋಡನ್ನು (ಒಂದೇ ಕವಚದಲ್ಲಿ ಒಂದು ಜೋಡಿ ಇರುತ್ತದೆ) ಬಿಚ್ಚಿ ಮೀಟರ್ ಇಟ್ಟೆ. ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡಬೇಕು, ಇಲ್ಲಿ ಹಿಂದೆ ಮುಂದೆ ಎರಡೂ ಕಡೆ ಬೀಪ್, ಅಂದರೆ ಶಾರ್ಟ್. ಬೋರ್ಡಿನಲ್ಲೇ ಇಟ್ಟು ನೋಡಬೇಡಿ. ಟ್ರಾನ್ಸ್‌ಫಾರ್ಮರಿನ ಸುತ್ತು ಜೋಡಿಯ ಎರಡೂ ಆನೋಡುಗಳನ್ನು (ಕರೆಂಟ್ ಒಳಹೋಗುವ ಕಾಲುಗಳನ್ನು) ಸೇರಿಸಿರುತ್ತದೆ, ಒಳ್ಳೆಯ ಡಯೋಡ್ ಕೂಡ ಶಾರ್ಟ್ ಆದ ಹಾಗೆ ಕಾಣುತ್ತದೆ.

ಸುಟ್ಟದ್ದು 20 ಆಂಪಿಯರಿನದು. ಡಬ್ಬಿಯಲ್ಲಿ ಎಂಬಿಆರ್ 3045 ಎಂಬ ಶಾಟ್ಕಿ ಡಯೋಡ್ (ಕಡಿಮೆ ವೋಲ್ಟ್ ಕಳೆಯುವ, ವೇಗದ ಬಗೆ) ಇತ್ತು, 30 ಆಂಪಿಯರ್. ಜಾಸ್ತಿಯೇ ಇದೆ ಅಲ್ವಾ ಅಂತ ಅದನ್ನೇ ಹಾಕಿದೆ. ಆನ್ ಮಾಡಿದ ಕೂಡಲೇ ಫ್ಯಾನ್ ಮತ್ತೆ ಒಮ್ಮೆ ತಿರುಗಿ ನಿಂತಿತು. ಹೊಸ ಡಯೋಡೂ ಶಾರ್ಟ್.

ಆ ನಂಬರಿನ ಕೊನೆಯ 45ನ್ನು ನಾನು ನೋಡಿರಲಿಲ್ಲ. ಅದು ಡಯೋಡ್ ಹಿಮ್ಮುಖವಾಗಿ ತಡೆಯಬಲ್ಲ ವೋಲ್ಟೇಜ್. ಈ ಸಪ್ಲೈಗಳಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಬರುವುದು ನೇರ 12 ವೋಲ್ಟ್ ಅಲ್ಲ. ಅದಕ್ಕಿಂತ ಎಷ್ಟೋ ಎತ್ತರದ ಪಲ್ಸ್ ಬರುತ್ತದೆ, ಕಾಯಿಲ್ ಅದನ್ನು ಸಮ ಮಾಡಿ 12ಕ್ಕೆ ಇಳಿಸುತ್ತದೆ. ಒಂದು ಡಯೋಡ್ ಹರಿಸುವಾಗ ಜೋಡಿಯ ಇನ್ನೊಂದು ಆ ಪಲ್ಸಿನ ಎರಡು ಪಟ್ಟು ತಡೆಯಬೇಕು. ಅದರ ಮೇಲೆ ಚೂಪು ಸ್ಪೈಕುಗಳು ಬೇರೆ. 45 ವೋಲ್ಟಿನದು 5 ವೋಲ್ಟ್ ಸಾಲಿಗೆ ಸರಿ. 12ಕ್ಕೆ ಕಡಿಮೆಯೆಂದರೂ 100 ವೋಲ್ಟಿನ ಎಂಬಿಆರ್ 20100 ಬೇಕು.

ಹಾಗಾದರೆ ಎಲ್ಲ ಕಡೆ 100ರದ್ದೇ ಹಾಕಬಹುದಲ್ಲ ಅಂತ ಕೇಳುವವರಿದ್ದಾರೆ. ತಡೆಯುವ ವೋಲ್ಟೇಜ್ ಏರಿದಂತೆ, ಹರಿಸುವಾಗ ಡಯೋಡಿನಲ್ಲಿ ಕಳೆದುಹೋಗುವ ವೋಲ್ಟೇಜೂ ಏರುತ್ತದೆ. 5 ವೋಲ್ಟಿನಲ್ಲಿ 20 ಆಂಪಿಯರ್ ಹರಿಯುವಾಗ 0.5 ವೋಲ್ಟ್ ಕಳೆದರೆ 10 ವ್ಯಾಟ್ ಬಿಸಿ. ಸಾದಾ ಡಯೋಡಿನಲ್ಲಿ ಸುಮಾರು ಅದರ ಎರಡರಷ್ಟು. ಇಷ್ಟು ವೇಗದ ಪಲ್ಸಿಗೆ ಸಾದಾ ಡಯೋಡ್ ಸಮಯಕ್ಕೆ ಮುಚ್ಚಿಕೊಳ್ಳುವುದೂ ಇಲ್ಲ. ಶಾಟ್ಕಿಯೇ ಬೇಕು.

ಮಂಗಳೂರಿಗೆ ಹೋಗಿ 20100 ತಂದೆ. ಡಯೋಡಿನ ಲೋಹದ ಬೆನ್ನು ಔಟ್‌ಪುಟ್‌ಗೇ ಸೇರಿರುತ್ತದೆ. ಬಿಸಿ ಇಳಿಸುವ ಹೀಟ್‌ಸಿಂಕ್ ಎರಡೂ ಸಾಲಿಗೆ ಒಂದೇ ಆದ್ದರಿಂದ, ಕರೆಂಟ್ ದಾಟಗೊಡದ ಮೈಕಾ ಹಾಳೆ ತಪ್ಪಿದರೆ 5 ಮತ್ತು 12 ಒಂದಾಗುತ್ತವೆ. ಹಾಳೆ ಇಟ್ಟು, ಸ್ಕ್ರೂ ಬಿಗಿ ಮಾಡಿ, ಮೀಟರಿನಲ್ಲಿ ಮತ್ತೆ ನೋಡಿದೆ. ಮೊದಲು ಸೀರೀಸ್ ಬಲ್ಬ್ (ಶಾರ್ಟ್ ಇದ್ದರೆ ಕರೆಂಟನ್ನು ತಡೆದು ತಾನೇ ಜೋರಾಗಿ ಉರಿಯುತ್ತದೆ) ಹಾಕಿ ಆನ್ ಮಾಡಿದೆ. ಶಾರ್ಟ್ ಇಲ್ಲ ಅಂತ ಗೊತ್ತಾದ ಮೇಲೆ ನೇರ ಕರೆಂಟಿಗೆ ಕೊಟ್ಟು, 55 ವ್ಯಾಟಿನ ಕಾರಿನ ಹೆಡ್‌ಲೈಟ್ ಬಲ್ಬನ್ನು 12 ವೋಲ್ಟಿಗೆ ಹಚ್ಚಿ ಒಂದು ಗಂಟೆ ಬಿಟ್ಟೆ. ಮೀಟರ್ 11.9ರಲ್ಲಿ ನಿಂತಿತ್ತು. ಸಂಜೆ ಮಾಷ್ಟ್ರಿಗೆ ಫೋನ್ ಮಾಡಿದೆ.