ಒಬ್ಬರೇ ಸಾಗರ ದಾಟುವ ರೇಸಿಗೆ 24 ಅಡಿಯ ಹಾಯಿದೋಣಿ ಸಜ್ಜು ಮಾಡಿದ ಬಗೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಿಂದ ಹವಾಯಿಯ ಹನಲೇ ಕೊಲ್ಲಿಗೆ 2,120 ನಾಟಿಕಲ್ ಮೈಲಿ. 1978ರಲ್ಲಿ ಶುರುವಾದ ಸಿಂಗಲ್‌ಹ್ಯಾಂಡೆಡ್ ಟ್ರಾನ್ಸ್‌ಪ್ಯಾಕ್ ರೇಸಿನ ದಾರಿ ಇದು. ದೋಣಿಗೊಬ್ಬರೇ ಆಳು. ನನ್ನ ದೋಣಿ ‘ಮೂರ್ 24’ ಎಂಬ ಮಾದರಿಯದು, ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಸಿನಲ್ಲಿ ಕಟ್ಟಿದ್ದು. ತೂಕ ಸುಮಾರು 930 ಕಿಲೋ, ಅದರಲ್ಲಿ ಅರ್ಧದಷ್ಟು ಕೀಲ್‌ನದೇ (ದೋಣಿ ಮಗುಚದಂತೆ ತಳದಿಂದ ನೀರಿಗಿಳಿದಿರುವ ಭಾರದ ಭಾಗ). ಇಂಥ ಹಗುರ ದೋಣಿಗೆ ಈ ದೂರ ಹದಿಮೂರರಿಂದ ಹದಿನೈದು ದಿನದ ಹಾದಿ.

ಒಬ್ಬರೇ ಇರುವಾಗ ಚುಕ್ಕಾಣಿ ಹಿಡಿಯುವ ಇನ್ನೊಂದು ಕೈ ಎಂದರೆ ಆಟೋಪೈಲಟ್. ಅದು ನಿಂತರೆ ನಿದ್ದೆಯೂ ಇಲ್ಲ, ಅಡುಗೆಯೂ ಇಲ್ಲ, ಹಾಯಿ ಬದಲಿಸುವುದೂ ಇಲ್ಲ. ಪೈಲಟ್ಟಿಗೆ ಕರೆಂಟು ಬೇಕು, ಕರೆಂಟಿಗೆ ಒಣ ತಂತಿ ಬೇಕು, ತಂತಿ ಒಣಗಿರಬೇಕಾದರೆ ಡೆಕ್ಕು ಸೋರಬಾರದು. ಹಾಗಾಗಿ ಹೊಸ ಹಾಯಿಗೆ ದುಡ್ಡು ಸುರಿಯುವ ಮೊದಲು ನಾನು ಸೋರಿಕೆಯಿಂದಲೇ ಕೆಲಸ ಶುರು ಮಾಡಿದೆ.

ಸೋರಿಕೆ ಹುಡುಕಲು ಸೀಮೆಸುಣ್ಣ ಸಾಕು. ದೋಣಿಯೊಳಗೆ ಪ್ರತಿ ಬೋಲ್ಟಿನ ಸುತ್ತ, ಚೈನ್‌ಪ್ಲೇಟುಗಳ (ಹಾಯಿಕಂಬದ ತಂತಿಗಳನ್ನು ದೋಣಿಗೆ ಬಿಗಿಯುವ ತಗಡುಗಳ) ಕೆಳಗೆ, ಡೆಕ್ಕು ಮತ್ತು ಒಡಲು ಕೂಡುವ ಅಂಚಿನುದ್ದಕ್ಕೂ ದಪ್ಪಗೆ ಗೆರೆ ಎಳೆದೆ. ಆಮೇಲೆ ಮೇಲಿನಿಂದ ಒಂದೊಂದು ಜಾಗಕ್ಕೂ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟೆ. ತಗ್ಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಯಾವ ತೂತಿನ ನೀರು ಯಾವುದೆಂದು ತಿಳಿಯುವುದಿಲ್ಲ. ಗೆರೆ ಕರಗಿ ಬಿಳಿ ದಾರ ಇಳಿದಿದ್ದಲ್ಲಿ ಹೊರಗಿನಿಂದ ಸಿಲಿಕೋನ್ ಬಳಿದು ಮುಗಿಸುವುದು ತಪ್ಪು. ಆ ಬೋಲ್ಟನ್ನೇ ಬಿಚ್ಚಬೇಕು. ಡೆಕ್ಕಿನ ತಿರುಳು ಬಾಲ್ಸಾ ಮರದ್ದಾಗಿದ್ದರೆ ತೂತಿನ ಸುತ್ತ ಕೊಳೆತ ಮರವನ್ನು ಕೆರೆದು ತೆಗೆದು, ಒಣಗಿಸಿ, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿ, ಅದು ಕಲ್ಲಾದ ಮೇಲೆ ನಡುವೆ ಹೊಸ ತೂತು ಕೊರೆಯಬೇಕು. ತೂತಿನ ಬಾಯನ್ನು ಕೊಂಚ ಅಗಲಿಸಿ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರಿನ ಅಂಟುಪಟ್ಟಿ) ಸುತ್ತಿದರೆ, ಬೋಲ್ಟ್ ಬಿಗಿಯುವಾಗ ಟೇಪು ಆ ಬಾಯಲ್ಲಿ ಕೂತು ಮುದ್ರೆಯಾಗುತ್ತದೆ. ಒಂದೇ ಸಲ ಪೂರ್ತಿ ಬಿಗಿಯಬೇಡಿ. ದಿನಕ್ಕೆ ಅರ್ಧ ಸುತ್ತಿನಂತೆ ಮೂರು ದಿನ ಬಿಗಿದೆ. ಬೇಸರದ ಕೆಲಸ, ಆದರೆ ಇದಕ್ಕಿಂತ ಬೆಲೆಯುಳ್ಳ ಕೆಲಸ ಇಡೀ ತಯಾರಿಯಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ.

ಇನ್ನು ಕರೆಂಟಿನ ಲೆಕ್ಕ. ಪೈಲಟ್ ಸರಾಸರಿ 1.5 ಆಂಪಿಯರ್ ಎಳೆದರೆ ದಿನಕ್ಕೆ 36 ಆಂಪಿಯರ್-ಅವರ್. ವಿಎಚ್‌ಎಫ್ ರೇಡಿಯೊಗೆ 10, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್‌ಗೆ 4, ಗಾಳಿ-ವೇಗದ ಉಪಕರಣಗಳಿಗೆ 5, ಮಾಸ್ಟ್ (ಹಾಯಿಕಂಬ) ತುದಿಯ ಎಲ್‌ಇಡಿ ದೀಪಕ್ಕೆ 2, ಫೋನು ಮತ್ತು ಟ್ಯಾಬ್ಲೆಟ್ ಚಾರ್ಜಿಗೆ 6. ಒಟ್ಟು 63. ಹಿಂಬದಿಯಲ್ಲಿ 100 ವಾಟಿನ ಎರಡು ಸೋಲಾರ್ ಫಲಕ ಕೂರಿಸಿದೆ. ಬಿಸಿಲಿದ್ದ ದಿನ ಅವು ಇಷ್ಟನ್ನು ತುಂಬಿಕೊಡುತ್ತವೆ. ಆದರೆ ಕ್ಯಾಲಿಫೋರ್ನಿಯಾ ಕರಾವಳಿಯಿಂದ ಹೊರಟ ಮೊದಲ ದಿನಗಳಲ್ಲಿ ತಗ್ಗಿನ ಮೋಡ ಬಿಡದೆ ಕವಿದಿರುತ್ತದೆ. ಅಂಥ ದಿನ 18 ಬಂದರೆ ಹೆಚ್ಚು. ಅಂದರೆ ದಿನಕ್ಕೆ 45ರ ಕೊರತೆ, ನಾಲ್ಕು ದಿನಕ್ಕೆ 180. ನನ್ನಲ್ಲಿದ್ದದ್ದು 100 ಆಂಪಿಯರ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಉಳಿಯುವ 20ನ್ನು ನಂಬಿ ಕೂರುವಂತಿಲ್ಲ. ಅದಕ್ಕೆ ಮೊದಲ ದಿನಗಳಲ್ಲಿ ಹಗಲು ನಾಲ್ಕು ತಾಸು ಕೈಯಲ್ಲೇ ಟಿಲ್ಲರ್ (ಚುಕ್ಕಾಣಿಯ ಹಿಡಿಕೋಲು) ಹಿಡಿಯುವುದೆಂದು ಮೊದಲೇ ತೀರ್ಮಾನಿಸಿದೆ. ದಿನಕ್ಕೆ 6 ಉಳಿಯುತ್ತದೆ.

ಹವಾಯಿಯತ್ತ ಒಂದೇ ಸಮನೆ ಬೀಸುವ ಟ್ರೇಡ್ ಗಾಳಿ ಸಿಕ್ಕಿದ ಮೇಲೆ ಬೇರೆಯದೇ ತೊಂದರೆ. ದೋಣಿ ನೈಋತ್ಯಕ್ಕೆ ಓಡುತ್ತಿರುತ್ತದೆ, ಮಧ್ಯಾಹ್ನದ ನಂತರ ಸೂರ್ಯ ಎದುರಿಗೆ ಬರುತ್ತಾನೆ, ಸ್ಪಿನೇಕರ್ (ಮುಂದೆ ಬಲೂನಿನಂತೆ ಉಬ್ಬುವ ಹಾಯಿ) ಮತ್ತು ಮೇನ್ ಹಾಯಿಯ ನೆರಳು ಹಿಂಬದಿಯ ಫಲಕಗಳ ಮೇಲೇ ಬೀಳುತ್ತದೆ. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಬರುವ ಕರೆಂಟು ಅರ್ಧಕ್ಕಿಂತ ಕೆಳಗಿಳಿಯಬಹುದು. ಅದಕ್ಕಾಗಿ ಎರಡು ಫಲಕಗಳಿಗೂ ಬೇರೆ ಬೇರೆ ಕಂಟ್ರೋಲರ್ ಹಾಕಿದೆ. ಜೊತೆಗೆ ಬಾಗುವ 50 ವಾಟಿನ ಫಲಕವೊಂದನ್ನು ಐದು ಮೀಟರ್ ತಂತಿಯೊಡನೆ ಇಟ್ಟುಕೊಂಡೆ. ಬಿಸಿಲು ಎಲ್ಲಿದೆಯೋ ಅಲ್ಲಿಗೆ ಒಯ್ದು ನಾಲ್ಕು ಮೂಲೆ ಕಟ್ಟುವುದು.

ಟಿಲ್ಲರ್ ಪೈಲಟ್ ಕೆಡುವುದು ಹೆಚ್ಚಾಗಿ ಮೂರು ಕಡೆ. ಒಂದು, ತಳ್ಳುವ ಸರಳು ಒಳಗೆ-ಹೊರಗೆ ಆಡುವ ಬಾಯಿ: ಅಲ್ಲಿನ ರಬ್ಬರು ಸವೆದರೆ ಪ್ರತಿ ಆಟಕ್ಕೂ ಒಂದು ಹನಿ ಉಪ್ಪುನೀರು ಒಳಗೆ. ಪೈಲಟ್ಟಿಗೆ ನಿಯೋಪ್ರೀನ್ ಚೀಲ ಹೊಲಿಸಿ, ಸರಳಿನ ಕಡೆಗೆ ಸೈಕಲ್ ಟ್ಯೂಬಿನ ತುಂಡನ್ನು ಸಡಿಲವಾಗಿ ತೊಡಿಸಿ ಎರಡು ತುದಿ ಕಟ್ಟಿದೆ. ಇನ್ನೊಂದು, ಡೆಕ್ಕಿನ ಮೇಲಿನ ಪ್ಲಗ್: ಅದನ್ನು ಕಿತ್ತೆಸೆದು ತಂತಿಯನ್ನು ಗ್ಲ್ಯಾಂಡಿನ (ನೀರು ನುಸುಳದ ಬಿರಡೆಯ) ಮೂಲಕ ನೇರ ಒಳಗೆ ತಂದು ಒಣ ಜಾಗದಲ್ಲಿ ಜೋಡಿಸಿದೆ. ತಂತಿ ತೆಳುವಾಗಿದ್ದರೆ ಅಲೆ ತಳ್ಳಿದಾಗ ಮೋಟಾರು ಜೋರು ಎಳೆದು, ವೋಲ್ಟೇಜ್ ಕುಸಿದು ಪೈಲಟ್ ತಾನೇ ಆರಿಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಹೀಗಾಗುತ್ತದೆ, ಆಗ ಕಾರಣವನ್ನು ಬೇರೆಲ್ಲೋ ಹುಡುಕುತ್ತ ಹೊತ್ತು ಕಳೆಯುತ್ತದೆ. ಕೊನೆಯದು ಒಳಗಿನ ದಿಕ್ಸೂಚಿ: ಅದರ ಹತ್ತಿರ ಸ್ಪೀಕರನ್ನಾಗಲಿ ಕಬ್ಬಿಣದ ಡಬ್ಬಿಯನ್ನಾಗಲಿ ಇಟ್ಟರೆ ದಾರಿ ತಪ್ಪುತ್ತದೆ. ಪೈಲಟ್ ಎಷ್ಟು ಕಷ್ಟಪಡುತ್ತಿದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಒಂದಿಷ್ಟು ಗುಂಯ್‌ಗುಟ್ಟಿ, ಸುಮ್ಮನಾಗಿ, ಮತ್ತೆ ಗುಂಯ್‌ಗುಟ್ಟಿದರೆ ಸರಿ. ಬಿಡುವಿಲ್ಲದೆ ಕೂಗುತ್ತಿದ್ದರೆ ಮೇನ್ ಹಾಯಿಗೆ ರೀಫ್ ಹಾಕುವ, ಅಂದರೆ ಹಾಯಿ ಮಡಚಿ ಚಿಕ್ಕದು ಮಾಡುವ ಹೊತ್ತು. ನಾನು ಒಂದಕ್ಕೆ ಎರಡು ಪೈಲಟ್ ಹೆಚ್ಚಿಗೆ ಒಯ್ದೆ, ಒಣ ಚೀಲದಲ್ಲಿ ಸುತ್ತಿ.

ಮೂರ್ 24ರ ಚುಕ್ಕಾಣಿ ಹಿಂಬದಿಗೆ ಹೊರಗಿನಿಂದ ನೇತುಬಿದ್ದಿರುತ್ತದೆ. ಮುರಿದರೆ ಅದೇ ಕೊಂಡಿಗಳಿಗೆ ಇನ್ನೊಂದನ್ನು ಸಿಕ್ಕಿಸಬಹುದಲ್ಲ ಎಂದೆನಿಸುತ್ತದೆ, ಆದರೆ ಕಿತ್ತುಬರುವುದು ಆ ಕೊಂಡಿಗಳೇ ಆಗಿರಬಹುದು. ಬದಲಿ ಚುಕ್ಕಾಣಿಗೆ ಬೇರೆಯೇ ಎರಡು ಕೊಂಡಿಗಳನ್ನು, ಒಳಗಿನಿಂದ ದಪ್ಪ ತಗಡು ಕೊಟ್ಟು ಕೂರಿಸಿದೆ. ಹಲಗೆಗೆ ಪ್ಲೈವುಡ್ಡಿನ ಮೇಲೆ ಗ್ಲಾಸ್ ಬಟ್ಟೆ ಹೊದಿಸಿದೆ. ಅಲೆಯಲ್ಲಿ ಏರಿಳಿಯುವ ದೋಣಿಯ ಹಿಂದೆ ಬಾಗಿ ಇಡೀ ಚುಕ್ಕಾಣಿಯನ್ನು ಕೊಂಡಿಗೆ ಹೊಂದಿಸಲು ಆಗದು. ಹಲಗೆ ತೇಲುತ್ತದೆ, ನೀರು ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ಮೊದಲು ಹಗುರವಾದ ಖಾಲಿ ಗೂಡನ್ನು ಕೊಂಡಿಗೆ ಸಿಕ್ಕಿಸಿ, ಪಿನ್ ಹಾಕಿ, ಆಮೇಲೆ ಹಲಗೆಯನ್ನು ಮೇಲಿನಿಂದ ಗೂಡಿನೊಳಗೆ ಇಳಿಸಿ ಕೆಳಕ್ಕೆ ಎಳೆದು ಕಟ್ಟುವ ಏರ್ಪಾಡು. ಪ್ರತಿ ಪಿನ್ನಿಗೂ ದಾರ. 20 ನಾಟ್ ಗಾಳಿಯಲ್ಲಿ, ಅಸಲಿ ಚುಕ್ಕಾಣಿ ಬಿಚ್ಚಿಟ್ಟು, ಕೊಲ್ಲಿಯ ಹೊರಗೆ ಇದನ್ನು ಓಡಿಸಿ ನೋಡಬೇಕು. ಕಟ್ಟೆಯ ಪಕ್ಕ ಜೋಡಿಸಿ ನೋಡಿದ್ದು ಪರೀಕ್ಷೆಯಲ್ಲ.

ಹಗ್ಗದ ವಿಷಯದಲ್ಲಿ ಒಂದೇ ಮಾತು: ಸವೆತ. ಸ್ಪಿನೇಕರ್ ಎತ್ತುವ ಹಾಲ್ಯಾರ್ಡ್ ಮಾಸ್ಟಿನಿಂದ ಹೊರಬರುವ ಜಾಗದಲ್ಲಿ ರಾತ್ರಿಯಿಡೀ ಅದೇ ಒಂದಂಗುಲ ಉಜ್ಜುತ್ತದೆ. ಆ ಭಾಗಕ್ಕೆ ಡೈನೀಮಾ ಎಂಬ ಗಟ್ಟಿ ನೂಲಿನ ಹೊದಿಕೆ ಹೊಲಿದು, ದಿನಕ್ಕೆ ಎರಡು ಸಲ ಹತ್ತು ಸೆಂಟಿಮೀಟರ್ ಬಿಡುವುದನ್ನೋ ಎಳೆಯುವುದನ್ನೋ ಮಾಡಿದರೆ ಉಜ್ಜುವ ಜಾಗ ಬದಲಾಗುತ್ತದೆ. ಮಾಸ್ಟ್ ಹಿಡಿದಿರುವ ಉಕ್ಕಿನ ತಂತಿಗಳನ್ನೆಲ್ಲ ಹೊಸದಾಗಿ ಹಾಕಿಸಿದೆ. ಹಳೆಯದನ್ನೇ ಇಟ್ಟುಕೊಳ್ಳುವವರು ತುದಿಯ ಲೋಹದ ಕೊಳವೆಯ ಮೇಲೆ ಹತ್ತಿ ಸವರಲಿ. ಎಳೆ ಸಿಕ್ಕಿಕೊಂಡಲ್ಲಿ ಬಿರುಕಿದೆ.

ಮೈಗೆ ಕಟ್ಟಿಕೊಂಡ ಪಟ್ಟಿಯ ಕೊಕ್ಕೆ ಸಿಕ್ಕಿಸಲು ಡೆಕ್ಕಿನುದ್ದಕ್ಕೂ ಎಳೆಯುವ ಸುರಕ್ಷಾ ಪಟ್ಟಿಯನ್ನು ಹಿಂಬದಿಯ ಅಂಚಿಗೆ ಎರಡು ಮೀಟರ್ ಮುಂಚೆಯೇ ನಿಲ್ಲಿಸಿದೆ, ಜಾರಿದರೂ ದೋಣಿಯ ಹಿಂದೆ ಎಳೆದುಕೊಂಡು ಹೋಗುವ ಸ್ಥಿತಿ ಬರದಂತೆ. ದೋಣಿಯ ನಡುಗೆರೆಯಲ್ಲಿ, ಮೈಗೆ ಕಟ್ಟಿದ ಒಂದು ಮೀಟರ್ ಉದ್ದದ ಪಟ್ಟಿಯಲ್ಲೇ ಕೆಲಸ. ನೀರಿಗೆ ಬಿದ್ದವರನ್ನು ಎತ್ತಲು ಯಾರೂ ಇಲ್ಲದ ದೋಣಿಯಲ್ಲಿ ಬೀಳದಿರುವುದೇ ಉಪಾಯ.

ನೀರು ದಿನಕ್ಕೆ ಮೂರು ಲೀಟರಿನಂತೆ 21 ದಿನಕ್ಕೆ 63 ಲೀಟರ್, ಹತ್ತು ಲೀಟರಿನ ಏಳು ಕ್ಯಾನುಗಳಲ್ಲಿ, ಮಾಸ್ಟಿನ ಬುಡದ ಬಳಿ. ಒಂದು ಕ್ಯಾನು ಕೆಟ್ಟರೆ ಉಳಿದದ್ದು ಚೆನ್ನಾಗಿರುತ್ತದೆ. ಊಟಕ್ಕೆ ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ಗೊಜ್ಜವಲಕ್ಕಿ, ಹುರಿಹಿಟ್ಟು, ಶೇಂಗಾ ಚಟ್ನಿಪುಡಿ. ಒಂದು ಲೋಟ ಬಿಸಿನೀರಲ್ಲಿ ಆಗುವುದು ಬಿಟ್ಟರೆ ಮೊದಲ ನಾಲ್ಕು ದಿನ ಬೇರೇನೂ ಮಾಡಲಾಗದು.

ರೇಸಿಗೆ ಮೊದಲು ಒಬ್ಬರೇ 400 ಮೈಲಿ ಹೋಗಿಬರುವ ಅರ್ಹತಾ ಪಯಣವಿದೆ. ಕಾಗದಕ್ಕಾಗಿ ಅದನ್ನು ಮುಗಿಸಬೇಡಿ. ಕರೆಂಟಿನ ಲೆಕ್ಕವನ್ನು ಪ್ರತಿ ಆರು ತಾಸಿಗೆ ಬರೆಯಿರಿ, 25 ನಿಮಿಷದ ಅಲಾರಾಂ ಇಟ್ಟು ಮಲಗುವುದನ್ನು ಅಲ್ಲೇ ರೂಢಿಸಿಕೊಳ್ಳಿ. ವಾಪಸು ಬಂದ ಮೇಲೆ ದೋಣಿಯ ತಳದಲ್ಲಿ ನಿಂತ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡಿ. ಉಪ್ಪಾಗಿದ್ದರೆ ಮತ್ತೆ ಸೀಮೆಸುಣ್ಣ ಹಿಡಿಯಬೇಕು. ಸಪ್ಪೆಯಾಗಿದ್ದರೆ ಸೋರಿರುವುದು ಕುಡಿಯುವ ನೀರಿನ ಕ್ಯಾನು.