ಗಂಡನ ಬಟ್ಟೆ ಒಗೆದದ್ದು ಯಾರು?

ನಾನು ಇಂಗ್ಲೆಂಡಿನ ಉತ್ತರ ಭಾಗದ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ನರ್ಸ್. ಹಿಂದೆ ಹಡಗು ಕಟ್ಟುತ್ತಿದ್ದ ಊರು ಇದು, ಹಾಗಾಗಿ ಮೀಸೊಥೀಲಿಯೋಮಾ ನಮಗೆ ಹೊಸದಲ್ಲ. ಆಸ್ಬೆಸ್ಟಾಸ್ ದೂಳು ಎದೆಯೊಳಗೆ ಸೇರಿ ಮೂವತ್ತು ನಲವತ್ತು ವರ್ಷ ಸುಮ್ನೆ ಕೂತಿದ್ದು, ಆಮೇಲೆ ಶ್ವಾಸಕೋಶದ ಹೊರಪೊರೆಯಲ್ಲಿ ಏಳುವ ಕ್ಯಾನ್ಸರ್ ಅದು.

ಒಬ್ಬ ಅಜ್ಜಿ ಬಂದಿದ್ದರು, ಎಂಬತ್ತು ದಾಟಿದವರು. ಸೂಜಿ ಹಾಕಿ ತೆಗೆದ ಚೂರಿನಲ್ಲಿ ದುಂಡನೆಯ ಕೋಶ ಮಾತ್ರ ಕಂಡವು. ಆಮೇಲೆ ಎದೆಯೊಳಗೆ ಕ್ಯಾಮೆರಾ ಬಿಟ್ಟು ದೊಡ್ಡ ಚೂರು ತೆಗೆದಾಗ ನೂಲುವ ಕದಿರಿನ ಹಾಗೆ ಉದ್ದನೆಯ ಕೋಶಗಳೂ ಸಿಕ್ಕವು. ರಿಪೋರ್ಟಿನಲ್ಲಿ 'ಬೈಫೇಸಿಕ್' ಅಂತ ಬಂತು, ಅಂದರೆ ಮಿಶ್ರ ಕೋಶದ್ದು. "ಹಾಗಾದರೆ ನನಗೆ ಎರಡು ಕ್ಯಾನ್ಸರಾ?" ಅಂತ ಕೇಳಿದರು. ಅಲ್ಲ, ಕ್ಯಾನ್ಸರ್ ಒಂದೇ, ಕೋಶದ ರೂಪ ಎರಡು. ಉದ್ದನೆಯವು ಜಾಸ್ತಿ ಇದ್ದಷ್ಟೂ ರೋಗ ಬೇಗ ಬೆಳೆಯುತ್ತದೆ. ಆದರೆ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಅನ್ನೋ ಔಷಧಗಳ ಜೋಡಿ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ, ಇಂಥವರಿಗೇ ಕೀಮೋಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ದುಡ್ಡಿನ ಮಾತು. ಸರ್ಕಾರದ ಪರಿಹಾರಕ್ಕೆ ಕೋಶ ಯಾವ ಥರದ್ದು ಅನ್ನೋದು ಲೆಕ್ಕಕ್ಕೇ ಇಲ್ಲ, ದೂಳು ಎಲ್ಲಿಂದ ಬಂತು ಅನ್ನೋದೇ ಮುಖ್ಯ. ಅಜ್ಜಿ "ನಾನು ಕಾರ್ಖಾನೆ ಕಡೆ ತಲೆ ಹಾಕಿದವಳೇ ಅಲ್ಲ" ಅಂದರು. ಗಂಡ ಹಡಗಿನ ಪೈಪುಗಳಿಗೆ ಆಸ್ಬೆಸ್ಟಾಸ್ ಸುತ್ತುತ್ತಿದ್ದರಂತೆ. ಅವರ ಬಟ್ಟೆ ಒಗೀತಿದ್ದದ್ದು ಯಾರು ಅಂತ ಕೇಳಿದೆ. ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ಎರಡೂ ಕೈ ಎತ್ತಿ, ಹಿತ್ತಲ ಬಾಗಿಲಲ್ಲಿ ನಿಂತು ಅಂಗಿ ಕೊಡವುವುದನ್ನು ಮಾಡಿ ತೋರಿಸಿದರು.

ಇಂಥವರಿಗೆ 2008ರ ಯೋಜನೆ ಇದೆ, ನೌಕರಿ ಮಾಡಿರಲೇಬೇಕು ಅಂತಿಲ್ಲ, ಆದರೆ ರೋಗ ಗೊತ್ತಾದ 12 ತಿಂಗಳೊಳಗೆ ಅರ್ಜಿ ಹೋಗಬೇಕು. ಕೆಲಸದಲ್ಲೇ ದೂಳು ಕುಡಿದವರಿಗೆ ಕೈಗಾರಿಕಾ ಅಂಗವೈಕಲ್ಯ ಭತ್ಯೆ, ಅದೂ ಅಂಗವೈಕಲ್ಯ ನೂರಕ್ಕೆ ನೂರು ಅಂತ ಲೆಕ್ಕ ಹಾಕಿ. ಕಂಪನಿಯೂ ಇಲ್ಲ, ಅದರ ವಿಮೆಯವರೂ ಸಿಗಲ್ಲ ಅಂದರೆ 2014ರ ಯೋಜನೆ. ಕೋರ್ಟಿಗೆ ಹೋಗುವುದಾದರೆ ಸಾಮಾನ್ಯವಾಗಿ ರೋಗ ಗೊತ್ತಾದ 3 ವರ್ಷದೊಳಗೆ ಹೋಗಬೇಕು. ಮನೆಗೆ ಬಂದ ದೂಳಿನ ಕೇಸಲ್ಲಿ ವಕೀಲರು ಮೊದಲು ಕೇಳುವುದು, 1965ರ ಮುಂಚೆಯೋ ಆಮೇಲೋ ಅಂತ. ಮನೆಯವರಿಗೂ ಈ ರೋಗ ಬರುತ್ತದೆ ಅಂತ ಲಂಡನ್ನಿನ ಒಂದು ಅಧ್ಯಯನ ತೋರಿಸಿದ್ದು ಆ ವರ್ಷ, ಆಮೇಲೆ ನಮಗೆ ಗೊತ್ತಿರಲಿಲ್ಲ ಅಂತ ಕಂಪನಿ ಹೇಳುವುದು ಕಷ್ಟ.

ಈಗ ನಾನು ಮೊದಲ ಭೇಟಿಯಲ್ಲೇ ಕೆಲಸದ ಕತೆ ಬರೆದುಕೊಳ್ಳುತ್ತೇನೆ, ಯಾವ ಹಡಗುಕಟ್ಟೆ, ಯಾವ ವರ್ಷ, ಜೊತೆಗೆ ಯಾರಿದ್ದರು. ತಡವಾದರೆ ಉಸಿರು ಸಾಲದೆ ವಾಕ್ಯ ಅರ್ಧಕ್ಕೇ ನಿಂತುಬಿಡುತ್ತದೆ. ಅಜ್ಜಿಗೆ ಹಣ ಬಂತು. ಮೊದಲು ಕೊಂಡದ್ದು ಒರಗಿ ಮಲಗುವ ಕುರ್ಚಿ.